ವೆಲ್ವೆಟ್ ಹಣೆಯ ನಟ್‌ಹ್ಯಾಚ್: ಹುಡುಕುವುದು, ನೋಡುವುದು, ದಾಖಲಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕಾಡಿನಲ್ಲಿ ಹಕ್ಕಿ ನೋಡಲು ಹೋದವರು ಸಾಮಾನ್ಯವಾಗಿ ಎಲೆಗಳ ಸಂದಿಯನ್ನೇ ಹುಡುಕುತ್ತಾರೆ. ಕೊಂಬೆಯ ತುದಿ, ಹೂವು, ಹಣ್ಣು, ಆಕಾಶ. ಕಾಂಡದ ಕಡೆ ಕಣ್ಣು ಹೋಗುವುದು ಮರಕುಟಿಗ ಕುಟ್ಟಿದಾಗ ಮಾತ್ರ. ವೆಲ್ವೆಟ್ ಹಣೆಯ ನಟ್‌ಹ್ಯಾಚ್ ಅಪರೂಪದ ಹಕ್ಕಿಯೇನಲ್ಲ. ಆದರೂ ಎಷ್ಟೋ ಜನ ಅದನ್ನು ನೋಡಿಯೇ ಇಲ್ಲ. ಕಾರಣ ಇಷ್ಟೇ: ಅದು ಕಾಂಡದ ಮೇಲೆ ಓಡಾಡುತ್ತಿರುತ್ತದೆ, ನಾವು ಎಲೆ ನೋಡುತ್ತಿರುತ್ತೇವೆ.

ಹಕ್ಕಿಯನ್ನು ಗುರುತಿಸುವುದರಿಂದ ಶುರುಮಾಡಿ, ಅದರ ದಿನಚರಿಯನ್ನು ನೋಟ್‌ಬುಕ್ಕಿಗೆ ಇಳಿಸುವವರೆಗಿನ ದಾರಿ ಇಲ್ಲಿದೆ. ಒಂದು ಫೋಟೊ ಸಿಕ್ಕರೆ ಸಾಕು, ಪಟ್ಟಿಯಲ್ಲಿ ಒಂದು ಹೆಸರು ಹೆಚ್ಚಾದರೆ ಸಾಕು ಅನ್ನುವವರು ಮೊದಲ ಐದು ಹಂತ ಓದಿ ಹೊರಡಬಹುದು. ಉಳಿದ ಹಂತಗಳು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವ ಮನಸ್ಸಿರುವವರಿಗೆ. ನನ್ನನ್ನು ಕೇಳಿದರೆ ಮಜಾ ಇರುವುದು ಅಲ್ಲೇ.

ಹಂತ 1: ಹೊರಡುವ ಮುಂಚೆ ಹಕ್ಕಿಯ ಚಹರೆ ತಿಳಿದುಕೊಳ್ಳಿ

ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 12 ಸೆಂಟಿಮೀಟರ್. ಅಂದರೆ ಗುಬ್ಬಚ್ಚಿಗಿಂತ ಚಿಕ್ಕದು. ಬೆನ್ನು ನೇರಳೆ ಮಿಶ್ರಿತ ನೀಲಿ. ಗಂಟಲು ಬಿಳಿ. ಹೊಟ್ಟೆ ಮಾಸಲು ಬಣ್ಣ, ನಸುಗೆಂಪು ಛಾಯೆ. ಕೆನ್ನೆಯಲ್ಲಿ ತಿಳಿ ನೇರಳೆ. ಕೊಕ್ಕು ಕಡುಗೆಂಪು, ಕಣ್ಣು ಹಳದಿ. ಕೊಕ್ಕಿನ ಬುಡದಿಂದ ಹಣೆಯ ಮೇಲೆ ಹರಡಿದ ಕಪ್ಪು ಪಟ್ಟಿಯೇ ಹೆಸರಿನ 'ವೆಲ್ವೆಟ್'.

ಇಷ್ಟು ಬಣ್ಣ ಇದ್ದೂ ಕಾಡಿನಲ್ಲಿ ಅದು ಕಪ್ಪು ಚುಕ್ಕೆಯ ಹಾಗೆ ಕಾಣಬಹುದು. ಹಕ್ಕಿಗಳ ಗರಿಯ ನೀಲಿ, ಬಣ್ಣದ ಪುಡಿಯಿಂದ ಬರುವುದಲ್ಲ. ಗರಿಯ ಒಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಬರುವುದು. ಬೆಳಕು ಕಡಿಮೆಯಾದರೆ ನೀಲಿಯೂ ಮಂಕು. ಹಾಗಾಗಿ ದಟ್ಟ ನೆರಳಿನಲ್ಲಿ ಬೆನ್ನಿನ ಬಣ್ಣ ನಂಬಬೇಡಿ. ಕೊಕ್ಕು ನೋಡಿ. ಪಶ್ಚಿಮ ಘಟ್ಟದಲ್ಲಿ ಕಾಂಡದ ಮೇಲೆ ತಲೆ ಕೆಳಗಾಗಿ ನಡೆಯುವ, ಕೆಂಪು ಕೊಕ್ಕಿನ ಪುಟ್ಟ ಹಕ್ಕಿ ಇದೊಂದೇ.

ಗಂಡು ಹೆಣ್ಣಿನ ವ್ಯತ್ಯಾಸ ಹುಬ್ಬಿನಲ್ಲಿದೆ. ಗಂಡಿಗೆ ಕಣ್ಣಿನ ಮೇಲಿಂದ ಹಿಂದಕ್ಕೆ ಒಂದು ಸಪೂರ ಕಪ್ಪು ಗೆರೆ ಹೋಗುತ್ತದೆ. ಹೆಣ್ಣಿಗೆ ಆ ಗೆರೆ ಇಲ್ಲ, ಹೊಟ್ಟೆಯ ನಸುಗೆಂಪು ಛಾಯೆ ಸ್ವಲ್ಪ ಹೆಚ್ಚಿರುತ್ತದೆ. ಪಕ್ಕದಿಂದ ಎರಡು ಸೆಕೆಂಡ್ ಸಿಕ್ಕರೂ ಸಾಕು, ಹೇಳಿಬಿಡಬಹುದು. ಕೆಳಗಿನಿಂದ ಬರೀ ಹೊಟ್ಟೆ ನೋಡಿ ಹೇಳಲು ಹೋಗಬೇಡಿ. ಮರಿಗಳದ್ದು ಇನ್ನೊಂದು ಕತೆ: ಬಣ್ಣವೆಲ್ಲ ಮಂಕು, ಕೊಕ್ಕು ಕಪ್ಪು. ಕೆಂಪು ಆಮೇಲೆ ಬರುತ್ತದೆ.

ಗೊಂದಲ ಆಗುವುದು ಇದರ ನೆಂಟನ ಜೊತೆ. ಭಾರತೀಯ ನಟ್‌ಹ್ಯಾಚ್ ಒಣ ಎಲೆಯುದುರು ಕಾಡಿನ ಹಕ್ಕಿ. ಅದರ ಬೆನ್ನು ಬೂದಿ ಮಿಶ್ರಿತ ನೀಲಿ, ಕೊಕ್ಕು ಕಪ್ಪು, ಕಣ್ಣಿನ ಮೂಲಕ ಹಾದುಹೋಗುವ ದಪ್ಪ ಕಪ್ಪು ಪಟ್ಟಿ, ಕೆನ್ನೆ ಬಿಳಿ. ಗಂಡಿನ ಹೊಟ್ಟೆ ಇಟ್ಟಿಗೆಗಿಂತ ಗಾಢವಾದ ಕಂದು. ಕೊಕ್ಕು ಕಪ್ಪಿದ್ದ ಹಕ್ಕಿ ಕಂಡರೆ ಕೆನ್ನೆಯನ್ನೂ ಕಣ್ಣಿನ ಪಟ್ಟಿಯನ್ನೂ ನೋಡಿ. ನಮ್ಮ ಹಕ್ಕಿಯ ಮರಿಯೋ ಭಾರತೀಯ ನಟ್‌ಹ್ಯಾಚೋ ಅನ್ನುವುದು ಅಲ್ಲಿಗೆ ಇತ್ಯರ್ಥ.

ಹಂತ 2: ಜಾಗ ಮತ್ತು ಕಾಲ ಆರಿಸಿಕೊಳ್ಳಿ

ವಿಲಿಯಂ ಸ್ವೈನ್‌ಸನ್ 1820ರಲ್ಲಿ ಈ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ. ಇದರ ನೆಲೆ ನೇಪಾಳ, ಭಾರತ, ಶ್ರೀಲಂಕಾದಿಂದ ದಕ್ಷಿಣ ಚೀನಾ ಮತ್ತು ಇಂಡೊನೇಷ್ಯಾದವರೆಗೆ ಹಬ್ಬಿದೆ. ಅಳಿವಿನ ಭಯ ಇರುವ ಹಕ್ಕಿಗಳ ಪಟ್ಟಿಯಲ್ಲಿ ಇದಿಲ್ಲ. ನಮ್ಮಲ್ಲಿ ಪಶ್ಚಿಮ ಘಟ್ಟದುದ್ದಕ್ಕೂ ಇದೆ. ದಾಂಡೇಲಿ, ಭದ್ರಾ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳು, ಎಲ್ಲ ಕಡೆ ಸಿಗುತ್ತದೆ. ವಲಸೆ ಹೋಗುವ ಹಕ್ಕಿಯಲ್ಲ. ಒಮ್ಮೆ ಒಂದು ಜಾಗದಲ್ಲಿ ಕಂಡರೆ ಮುಂದಿನ ತಿಂಗಳು ಹೋದರೂ ಅಲ್ಲೇ ಆಸುಪಾಸಿನಲ್ಲಿ ಇರುತ್ತದೆ. ನಿಧಾನಕ್ಕೆ ನೋಡುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಕಾಲ್ನಡಿಗೆಯಲ್ಲಿ ಸುಮ್ನೆ ತಿರುಗುವ ಹಾಗಿಲ್ಲ. ಸಫಾರಿ ಜೀಪಿನಲ್ಲಿ ಕೂತು ನಟ್‌ಹ್ಯಾಚ್ ನೋಡುತ್ತೇನೆ ಅಂದರೆ ಜೊತೆಯವರು ನಿಮ್ಮನ್ನೇ ಇಳಿಸಿಬಿಡುತ್ತಾರೆ. ಹಾಗಾಗಿ ನಡೆಯಬಹುದಾದ ಜಾಗ ಹುಡುಕಿ. ಹಳೆಯ ನೆರಳಿನ ಮರಗಳಿರುವ ಕಾಫಿ ತೋಟ, ಮಾಲೀಕರ ಒಪ್ಪಿಗೆ ಪಡೆದು. ಊರವರನ್ನು ಕೇಳಿಕೊಂಡು ದೇವರಕಾಡಿನ ಅಂಚು. ಕಾಡಿನ ಪಕ್ಕದ ಹೋಂಸ್ಟೇ ಅಂಗಳ. ಕೊಡಗಿನ ದೇವರಕಾಡುಗಳಲ್ಲಿ ಕಾಯಿದೆಗಿಂತ ಮೊದಲು ನಂಬಿಕೆಯ ಕಟ್ಟುಪಾಡು ಇರುತ್ತದೆ. ಅದನ್ನು ತಿಳಿದುಕೊಂಡೇ ಹೋಗಿ.

ತೋಟಕ್ಕೆ ಹೋದ ಮೇಲೆ ಮರ ಆರಿಸಿ. ಇದು ಬಹಳ ಮುಖ್ಯ. ಈ ಹಕ್ಕಿಯ ಊಟ ಕೀಟ ಮತ್ತು ಜೇಡ. ಅವು ಅಡಗುವುದು ತೊಗಟೆಯ ಬಿರುಕಿನಲ್ಲಿ, ಪಾಚಿಯ ಕೆಳಗೆ, ಒಣಗಿದ ಕೊಂಬೆಯ ಸಿಪ್ಪೆಯ ಹಿಂದೆ. ಮತ್ತಿ ಮರದ ತೊಗಟೆ ನೋಡಿ, ಮೊಸಳೆಯ ಚರ್ಮದ ಹಾಗೆ ಆಳವಾಗಿ ಸೀಳಿರುತ್ತದೆ. ಪಕ್ಕದಲ್ಲೇ ಇರುವ ನಂದಿ ಮರದ ಕಾಂಡ ನುಣುಪು. ಎರಡರಲ್ಲಿ ಎಲ್ಲಿ ಕಾಯಬೇಕು ಅನ್ನುವುದಕ್ಕೆ ಪಕ್ಷಿತಜ್ಞರೇ ಬೇಕಾಗಿಲ್ಲ, ಅಲ್ವಾ? ಪಾಚಿ ಕಟ್ಟಿದ ಹಳೆಯ ಹಲಸು, ತುದಿ ಒಣಗಿದ ಹೊನ್ನೆ, ಮರಕುಟಿಗ ತೂತು ಕೊರೆದ ಒಣಮರ, ಇವನ್ನೆಲ್ಲ ಗುರುತು ಮಾಡಿಟ್ಟುಕೊಳ್ಳಿ. ಒಂದು ತೋಟದ ನಕ್ಷೆ ಬರೆದು ಇಂಥ ಹತ್ತು ಹನ್ನೆರಡು ಮರ ಗುರುತಿಸಿಟ್ಟರೆ ಅರ್ಧ ಕೆಲಸ ಮುಗಿಯಿತು.

ಕಾಲ? ಜನವರಿಯಿಂದ ಏಪ್ರಿಲ್‌ವರೆಗೆ ಬಲು ಚೆನ್ನ. ಎಲೆಯುದುರು ಮರಗಳು ಬೋಳಾಗಿ ಕಾಂಡ ತೆರೆದುಕೊಂಡಿರುತ್ತದೆ. ದಕ್ಷಿಣ ಭಾರತದಲ್ಲಿ ಇದರ ಗೂಡಿನ ಕಾಲವೂ ಜನವರಿಯಿಂದ ಮೇ. ಉತ್ತರದಲ್ಲಿ ಏಪ್ರಿಲ್‌ನಿಂದ ಜೂನ್. ಮಳೆಗಾಲದಲ್ಲೂ ಹಕ್ಕಿ ಅಲ್ಲೇ ಇರುತ್ತದೆ, ಆದರೆ ಬೈನಾಕ್ಯುಲರ್ ಒರೆಸಿಕೊಳ್ಳುವುದು, ಇಂಬಳ ಕಿತ್ತುಕೊಳ್ಳುವುದು ಇಷ್ಟರಲ್ಲೇ ಬೆಳಗ್ಗೆ ಕಳೆಯುತ್ತದೆ. ಹೊತ್ತು ಅಂದರೆ ಬಿಸಿಲು ಕಾಂಡಕ್ಕೆ ಬಿದ್ದ ಮೇಲಿನ ಎರಡು ಮೂರು ಗಂಟೆ. ನಸುಕಿನಲ್ಲೇ ಹೋಗಬೇಕೆಂದೇನಿಲ್ಲ. ದಟ್ಟ ನೆರಳಿನಲ್ಲಿ ಆಗ ನಿಮಗೆ ಏನೂ ಕಾಣುವುದಿಲ್ಲ.

ಹಂತ 3: ಸಾಮಾನು

ಕಡಿಮೆ ಸಾಕು. ಬೈನಾಕ್ಯುಲರ್ 8x42 (ಎಂಟು ಪಟ್ಟು ದೊಡ್ಡದು ಮಾಡುವ, 42 ಮಿಲಿಮೀಟರ್ ಮಸೂರದ್ದು) ಇರಲಿ. 10x ಹೆಚ್ಚು ದೊಡ್ಡದು ಮಾಡಿ ತೋರಿಸುತ್ತದೆ ನಿಜ, ಆದರೆ ನೋಟದ ಅಗಲ ಕಡಿಮೆ, ಕೈನಡುಕ ಜಾಸ್ತಿ. ಒಂದು ಕಡೆ ನಿಲ್ಲದ ಈ ಹಕ್ಕಿಗೆ ಅಗಲವೇ ಮುಖ್ಯ. ಜೇಬಿಗೆ ಹಿಡಿಸುವ ನೋಟ್‌ಬುಕ್, ಪೆನ್ಸಿಲ್ (ಮಂಜಿಗೆ ಪೆನ್ನಿನ ಶಾಯಿ ಹರಡುತ್ತದೆ), ಸೆಕೆಂಡ್ ಮುಳ್ಳಿರುವ ಗಡಿಯಾರ ಅಥವಾ ಮೊಬೈಲು, ಒಂದು ಟೇಲರ್ ಟೇಪು. ಟೇಪು ಯಾಕೆ ಅನ್ನುವುದು ಮುಂದೆ ಬರುತ್ತದೆ. ಬಟ್ಟೆ ಮಾಸಲು ಬಣ್ಣದ್ದಾದರೆ ಒಳ್ಳೆಯದು. ಕ್ಯಾಮೆರಾ ಮನೆಯಲ್ಲೇ ಬಿಟ್ಟು ಬನ್ನಿ ಅಂದರೆ ಯಾರೂ ಕೇಳುವುದಿಲ್ಲ. ಮೊದಲ ಕೆಲವು ಸಲವಾದರೂ ಬ್ಯಾಗಿನಲ್ಲೇ ಇರಲಿ.

ಹಂತ 4: ಮೊದಲು ಕಿವಿ, ಆಮೇಲೆ ಕಣ್ಣು

ಇದು ಗಲಾಟೆಯ ಹಕ್ಕಿ. ಕಾಣುವ ಮುಂಚೆ ಕೇಳಿಸುತ್ತದೆ. ಚೂಪಾದ, ಗಟ್ಟಿಯಾದ 'ಸಿಟ್-ಸಿಟ್-ಸಿಟ್'. ಒಮ್ಮೊಮ್ಮೆ ಬಿಡಿಬಿಡಿಯಾಗಿ, ಒಮ್ಮೊಮ್ಮೆ ಒಂದರ ಹಿಂದೆ ಒಂದು ಓಡಿ ಹರಳು ಉರುಳಿದ ಸದ್ದಾಗುತ್ತದೆ. ತಿನ್ನುತ್ತಾ ಓಡಾಡುವಾಗಲೂ ಜೋಡಿ ಹೀಗೆ ಕರೆಯುತ್ತಲೇ ಇರುತ್ತದೆ.

ಮೆರ್ಲಿನ್ ಆ್ಯಪ್ ಅಥವಾ ಕ್ಸೆನೊ-ಕ್ಯಾಂಟೊ ತಾಣದಲ್ಲಿ ಇದರ ಧ್ವನಿ ಸಿಗುತ್ತದೆ. ಮನೆಯಲ್ಲಿ ಕೂತು, ಬೇರೆ ಕೆಲಸ ಮಾಡುತ್ತಾ ಕೇಳಿ. ಜೊತೆಗೆ ಸೂರಕ್ಕಿಯ ಧ್ವನಿಯನ್ನೂ ಕೇಳಿ. ತೋಟದಲ್ಲಿ ಚಿಕ್ಕ ಚೂಪು ದನಿಗಳಲ್ಲಿ ಅರ್ಧಕ್ಕರ್ಧ ಅವುಗಳದ್ದೇ. ದನಿ ಎಲ್ಲಿಂದ ಬರುತ್ತಿದೆ ಅನ್ನುವುದು ಗೊತ್ತುಮಾಡಲು ಒಂದು ಸುಲಭ ಉಪಾಯವಿದೆ: ಬಾಯಿ ಸ್ವಲ್ಪ ತೆರೆದು, ತಲೆಯನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುಗಿಸಿ. ಎರಡೂ ಕಿವಿಗೆ ಸಮನಾಗಿ ಕೇಳಿಸುವ ದಿಕ್ಕೇ ಹಕ್ಕಿಯ ದಿಕ್ಕು. ಆಮೇಲೆ ಆ ದಿಕ್ಕಿನ ಕಾಂಡಗಳನ್ನು ಬುಡದಿಂದ ಮೇಲಕ್ಕೆ ಬರಿಗಣ್ಣಿನಲ್ಲಿ ನೋಡಿ. ಅಲುಗಾಟ ಕಂಡ ಮೇಲೆ ಬೈನಾಕ್ಯುಲರ್ ಎತ್ತಿ. ಮೊದಲೇ ಎತ್ತಿದರೆ ತೊಗಟೆ ಬಿಟ್ಟು ಬೇರೇನೂ ಸಿಗದು.

ಕಾಡಿನಲ್ಲಿ ಮೊಬೈಲಿನಿಂದ ಕೂಗು ಹಾಕಿ ಹಕ್ಕಿ ಕರೆಸುವ ಚಾಳಿ ಈಚೆಗೆ ಹೆಚ್ಚಾಗಿದೆ. ಬೇಡ. ಎದುರಾಳಿ ಬಂದ ಅಂದುಕೊಂಡು ಜೋಡಿ ಊಟ ಬಿಟ್ಟು, ಗೂಡು ಬಿಟ್ಟು ಓಡಿ ಬರುತ್ತದೆ. ಆಗ ನೀವು ನೋಡುವುದು ನಿಮ್ಮ ಮೊಬೈಲಿಗೆ ಹೆದರಿದ ಹಕ್ಕಿಯನ್ನು, ಅದರ ಬದುಕನ್ನಲ್ಲ.

ಹಂತ 5: ಬೆರಕೆ ಹಿಂಡು ಹಿಡಿಯಿರಿ

ನಟ್‌ಹ್ಯಾಚ್ ಒಂಟಿಯಾಗಿ ಸಿಗುವುದು ಕಡಿಮೆ. ಜೋಡಿಯಾಗಿಯೋ ನಾಲ್ಕೈದರ ಗುಂಪಾಗಿಯೋ ಇರುತ್ತದೆ. ಅದೂ ಬೇರೆ ಜಾತಿಯ ಹಕ್ಕಿಗಳ ನಡುವೆ. ಭೀಮರಾಜ, ಚಿತ್ರಪಕ್ಷಿ, ಸಣ್ಣ ಮರಕುಟಿಗ, ನೊಣಹಿಡುಕ, ಚಳಿಗಾಲವಾದರೆ ಹಿಮಾಲಯದ ಕಡೆಯಿಂದ ಬಂದ ಎಲೆ ಉಲಿಯಕ್ಕಿಗಳು. ಎಲ್ಲ ಒಟ್ಟಿಗೆ ಕಾಡಿನಲ್ಲಿ ಸಾಗುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಪಾಲು: ಎಲೆಯ ಕೆಳಗಿನದು ಉಲಿಯಕ್ಕಿಗೆ, ಹಾರುವ ಹುಳ ಭೀಮರಾಜನಿಗೆ, ತೊಗಟೆ ನಟ್‌ಹ್ಯಾಚಿಗೆ. ಶಿಕ್ರಾ ಅನ್ನುವ ಬೇಟೆಹಕ್ಕಿ ಬಂದರೆ ಭೀಮರಾಜ ಮೊದಲು ಕೂಗುತ್ತಾನೆ. ಕಾಂಡಕ್ಕೆ ಮೂಗು ತಾಗಿಸಿಕೊಂಡು ಹುಳ ಹುಡುಕುವ ಹಕ್ಕಿಗೆ ಇಂಥ ಕಾವಲುಗಾರ ಬೇಕೇ ಬೇಕು. ಭೀಮರಾಜ ಸುಮ್ಮನೆ ಕೂಲಿ ಮಾಡುವವನೂ ಅಲ್ಲ. ಬೇರೆಯವರು ಎಬ್ಬಿಸಿದ ಹುಳ ಅವನ ಬಾಯಿಗೆ.

ಹೀಗಾಗಿ ಕಾಡು ಅರ್ಧ ಗಂಟೆ ಖಾಲಿ ಇದ್ದು, ಆಮೇಲೆ ಒಮ್ಮೆಲೇ ಹತ್ತು ನಿಮಿಷ ಹಬ್ಬ. ಹೊಸಬರು ಹಿಂಡಿನ ಹಿಂದೆ ಓಡುತ್ತಾರೆ. ಹಿಂದೆ ಓಡಿದರೆ ಬಾಲಗಳೇ ಸಿಗುವುದು. ಹಿಂಡು ಯಾವ ಕಡೆ ಸಾಗುತ್ತಿದೆ ಅಂತ ಒಂದು ನಿಮಿಷ ನಿಂತು ನೋಡಿ. ದೂರದಿಂದ ಸುತ್ತು ಹಾಕಿ ಮುಂದಕ್ಕೆ ಹೋಗಿ, ನೀವು ಗುರುತು ಮಾಡಿಟ್ಟ ಯಾವುದಾದರೂ ಒರಟು ಮರದ ಎದುರು, ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲಿ. ಹಿಂಡು ನಿಮ್ಮ ಮೇಲಿಂದಲೇ ಹಾದುಹೋಗುತ್ತದೆ.

ಹಂತ 6: ನಡಿಗೆ ನೋಡಿ

ಹಕ್ಕಿ ಸಿಕ್ಕಿತು. ಈಗ ಬಣ್ಣ ಮರೆತು ಕಾಲು ನೋಡಿ.

ಮೊದಲು ಮರಕುಟಿಗ ಹೇಗೆ ಹತ್ತುತ್ತದೆ ಅಂತ ನೆನಪಿಸಿಕೊಳ್ಳಿ. ಎರಡು ಬೆರಳು ಮುಂದೆ, ಎರಡು ಹಿಂದೆ. ಬಾಲದ ಗರಿ ಗಟ್ಟಿ. ಅದನ್ನು ಕಾಂಡಕ್ಕೆ ಊರಿ, ಎರಡೂ ಕಾಲನ್ನು ಒಟ್ಟಿಗೆ ಮೇಲಕ್ಕೆ ಜಿಗಿಸಿ ಹತ್ತುತ್ತದೆ. ಈ ಏರ್ಪಾಡು ಮೇಲೆ ಹೋಗಲು ಚೆನ್ನ. ತಲೆ ಕೆಳಗೆ ಮಾಡಿದರೆ ಬಾಲ ಊರಲು ಬರುವುದಿಲ್ಲ. ಕೆಳಗೆ ಬರಬೇಕಾದರೆ ಮರಕುಟಿಗ ತಲೆ ಮೇಲೇ ಇಟ್ಟುಕೊಂಡು ಹಿಂದಕ್ಕೆ ಜಾರುತ್ತದೆ, ಇಲ್ಲವೇ ಹಾರಿಹೋಗುತ್ತದೆ.

ನಟ್‌ಹ್ಯಾಚಿನ ಬಾಲ ಗಿಡ್ಡ, ಮೆದು. ಊರಿಕೊಳ್ಳಲು ಆಗದು, ಅದು ಊರುವುದೂ ಇಲ್ಲ. ಬೆರಳು ಮೂರು ಮುಂದೆ, ಒಂದು ಹಿಂದೆ, ಹಿಂದಿನ ಉಗುರು ಉದ್ದ ಮತ್ತು ಬಲವಾದದ್ದು. ಎರಡು ಕಾಲನ್ನು ಅಕ್ಕಪಕ್ಕ ಇಡದೆ ಒಂದನ್ನು ಮೇಲೆ, ಒಂದನ್ನು ಕೆಳಗೆ ಇಡುತ್ತದೆ. ಮೇಲಿನ ಕಾಲಿನಿಂದ ನೇತುಬೀಳುತ್ತದೆ, ಕೆಳಗಿನ ಕಾಲು ಭಾರಕ್ಕೆ ಆಸರೆ. ಹೀಗಾಗಿ ಮೈ ನೆಟ್ಟಗಿರದೆ ಸ್ವಲ್ಪ ಓರೆಯಾಗಿರುತ್ತದೆ. ಮುಂದಿನ ಹೆಜ್ಜೆಗೆ ಕಾಲು ಅದಲು ಬದಲು, ಮೈ ಇನ್ನೊಂದು ಪಕ್ಕಕ್ಕೆ ಓರೆ. ನಡಿಗೆ ಅಂಕುಡೊಂಕಾಗಿ, ಚುರುಕು ಚುರುಕಾಗಿ ಕಾಣುವುದು ಇದರಿಂದಲೇ. ಕಾಲಿಗೆ ಈ ಹಿಡಿತ ಇದ್ದ ಮೇಲೆ ಮೇಲೆ, ಕೆಳಗೆ, ಅಡ್ಡ, ಕೊಂಬೆಯ ತಳಕ್ಕೆ ಅಂಟಿಕೊಂಡು, ಯಾವ ದಿಕ್ಕಾದರೂ ಒಂದೇ.

ತಲೆ ಕೆಳಗಾಗಿ ಇಳಿಯುವುದರಿಂದ ಏನು ಲಾಭ? ಮೇಲೆ ಹತ್ತುವ ಹಕ್ಕಿಗಳಿಗೆ ಬಿರುಕಿನ ಒಂದು ಬದಿ ಕಾಣುತ್ತದೆ, ಇಳಿಯುವ ಹಕ್ಕಿಗೆ ಇನ್ನೊಂದು ಬದಿ. ಅವರು ಬಿಟ್ಟದ್ದು ಇವನಿಗೆ ಅನ್ನುವುದು ಪಕ್ಷಿ ಬಲ್ಲವರು ಸಾಮಾನ್ಯವಾಗಿ ಕೊಡುವ ವಿವರಣೆ. ಒಪ್ಪುವಂಥ ಮಾತೇ. ಆದರೆ ನಿಮ್ಮ ತೋಟದಲ್ಲಿ ಅದು ನಿಜಕ್ಕೂ ಎಷ್ಟು ಹೊತ್ತು ಇಳಿಯುತ್ತದೆ, ಎಷ್ಟು ಹೊತ್ತು ಹತ್ತುತ್ತದೆ ಅಂತ ಲೆಕ್ಕ ಇಟ್ಟು ನೋಡಿ. ಪುಸ್ತಕದ ಚಿತ್ರಗಳಲ್ಲಿ ಅದು ಯಾವಾಗಲೂ ಇಳಿಯುತ್ತಲೇ ಇರುತ್ತದೆ. ಇಳಿಯುವಾಗ ಚಿತ್ರ ಚೆನ್ನಾಗಿ ಬರುತ್ತದಲ್ಲ, ಅದಕ್ಕೆ.

ಹತ್ತಿರದಿಂದ ನೋಡಲು ಸಿಕ್ಕರೆ ಒಂದೇ ಬಿರುಕಿನ ಎದುರು ಅದು ಮಾಡುವ ಕೆಲಸ ಗಮನಿಸಿ. ಇಳಿಯುತ್ತಾ ಬಂದು ತಟ್ಟನೆ ನಿಲ್ಲುತ್ತದೆ. ಕುತ್ತಿಗೆ ಹಿಂದಕ್ಕೆ ಮಡಚಿ ಮುಖವನ್ನು ಕಾಂಡದಿಂದ ದೂರ ಎತ್ತುತ್ತದೆ. ಒಂದು ಕಣ್ಣಿನಿಂದ ಬಿರುಕು ನೋಡುತ್ತದೆ, ತಲೆ ವಾಲಿಸಿ ಇನ್ನೊಂದು ಕಣ್ಣಿನಿಂದಲೂ ನೋಡುತ್ತದೆ. ಆಮೇಲೆ ಕೊಕ್ಕು ಒಳಗೆ. ಹುಳ ಚಿಕ್ಕದಾದರೆ ಅಲ್ಲೇ ಗುಳುಂ. ದೊಡ್ಡದಾದರೆ ತೊಗಟೆಗೆ ಬಡಿದು ಆಮೇಲೆ ನುಂಗುತ್ತದೆ. ಇಷ್ಟೆಲ್ಲ ಆಗುವುದು ಒಂದೆರಡು ಉಸಿರಿನಲ್ಲಿ.

ಹಂತ 7: ಟಿಪ್ಪಣಿ ಬರೆಯುವ ಕ್ರಮ

'ಸುಂದರ ಹಕ್ಕಿ ಕಂಡಿತು, ಬೆಳಗ್ಗೆ' ಅಂತ ಬರೆದರೆ ವರ್ಷ ಕಳೆದ ಮೇಲೆ ಅದರಿಂದ ಏನೂ ಸಿಗುವುದಿಲ್ಲ. ಒಂದು ಸಾಲಿನಲ್ಲಿ ಇವು ಇರಲಿ: ದಿನಾಂಕ, ಹೊತ್ತು, ಗಂಡೋ ಹೆಣ್ಣೋ, ಮರ ಯಾವುದು, ನೆಲದಿಂದ ಎತ್ತರ, ಕಾಂಡವೋ ದಪ್ಪ ಕೊಂಬೆಯೋ ಸಣ್ಣ ಕೊಂಬೆಯೋ, ಹಸಿಯೋ ಒಣದೋ, ಹಕ್ಕಿಯ ಮುಖ ಮೇಲೋ ಕೆಳಗೋ ಅಡ್ಡವೋ, ಏನು ಮಾಡಿತು, ಜೊತೆಗೆ ಯಾರಿದ್ದರು. ಸಂಕೇತ ಮಾಡಿಕೊಂಡರೆ ಬರೆಯುವುದು ಸುಲಭ. ಉದಾಹರಣೆಗೆ ಒಂದು ಸಾಲು ಹೀಗಿರಬಹುದು:

*ಫೆ. 9, 8:20, ಗಂ, ಮತ್ತಿ, 7 ಮೀ, ಕಾಂಡ-ಹಸಿ, ಮುಖ ಕೆಳಗೆ, ಬಿರುಕಿಗೆ ಕೊಕ್ಕು, ಜೊತೆ: ಹೆ, ಭೀಮರಾಜ 2.*

ಎತ್ತರ ಅಂದಾಜು ಮಾಡುವುದು ಎಲ್ಲರಿಗೂ ತಲೆನೋವು. ಹಕ್ಕಿ ಹೋದ ಮೇಲೆ ಹೀಗೆ ಮಾಡಿ: ನಿಮ್ಮ ಕಣ್ಣಿನಿಂದ ಚಾಚಿದ ಕೈಯ ಮುಷ್ಟಿಗೆ ಎಷ್ಟು ದೂರವೋ ಅಷ್ಟೇ ಉದ್ದದ ಕೋಲು ಮುಷ್ಟಿಯ ಮೇಲಕ್ಕೆ ನೆಟ್ಟಗೆ ನಿಲ್ಲುವಂತೆ ಹಿಡಿಯಿರಿ. ಮುಷ್ಟಿಯ ಮೇಲ್ಭಾಗ ಮರದ ಬುಡಕ್ಕೆ, ಕೋಲಿನ ತುದಿ ಹಕ್ಕಿ ಇದ್ದ ಜಾಗಕ್ಕೆ ಸರಿಹೊಂದುವವರೆಗೆ ಹಿಂದೆ ಮುಂದೆ ಸರಿಯಿರಿ. ಸರಿಹೊಂದಿದಾಗ ನಿಮಗೂ ಮರಕ್ಕೂ ಇರುವ ದೂರವೇ ಆ ಎತ್ತರ. ಹೆಜ್ಜೆ ಹಾಕಿ ಅಳೆದುಬಿಡಿ. ನೆಲ ಸಮ ಇರಬೇಕು ಅಷ್ಟೇ. ಟೇಲರ್ ಟೇಪು ಈಗ ಹೊರಗೆ ಬರಲಿ: ಎದೆಮಟ್ಟದಲ್ಲಿ ಮರದ ಸುತ್ತಳತೆ ತೆಗೆದು ಬರೆದುಕೊಳ್ಳಿ. ದಪ್ಪ ಮರಕ್ಕೂ ಸಣ್ಣ ಮರಕ್ಕೂ ಹಕ್ಕಿ ಬರುವುದರಲ್ಲಿ ವ್ಯತ್ಯಾಸ ಇದೆಯೇ ಅನ್ನುವುದು ಹೀಗೆ ಗೊತ್ತಾಗುತ್ತದೆ.

ಒಂದು ಅಪಾಯ ಮಾತ್ರ ಗೊತ್ತಿರಲಿ. ಹಕ್ಕಿ ನಮ್ಮ ಕಣ್ಣಿಗೆ ಮೊದಲು ಬೀಳುವುದು ಬಯಲಿನ, ಬಿಸಿಲಿನ ಕಾಂಡದ ಮೇಲಿದ್ದಾಗ. ಕಂಡ ಕ್ಷಣವನ್ನೇ ಬರೆಯುತ್ತಾ ಹೋದರೆ 'ಈ ಹಕ್ಕಿಗೆ ಬಿಸಿಲಿನ ಕಾಂಡ ಇಷ್ಟ' ಅನ್ನುವ ತೀರ್ಮಾನಕ್ಕೆ ಬಂದುಬಿಡುತ್ತೇವೆ. ಅದಕ್ಕೆ ಕಂಡ ತಕ್ಷಣ ಬರೆಯಬೇಡಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ, ಆಗ ಅದು ಎಲ್ಲಿದೆಯೋ ಅದನ್ನು ಬರೆಯಿರಿ. ಆಮೇಲೆ ಪ್ರತಿ 15 ಸೆಕೆಂಡಿಗೊಮ್ಮೆ ಒಂದು ಸಾಲು, ಹಕ್ಕಿ ಮರೆಯಾಗುವವರೆಗೆ. ಒಂದೇ ಹಕ್ಕಿಯಿಂದ ಇಪ್ಪತ್ತು ಸಾಲು ಸಿಕ್ಕಿತು ಅಂದರೆ ಇಪ್ಪತ್ತು ಹಕ್ಕಿಯ ಮಾಹಿತಿ ಸಿಕ್ಕಿತು ಅಂತಲ್ಲ. ಲೆಕ್ಕ ಹಾಕುವಾಗ ಅವನ್ನು ಒಂದೇ ಭೇಟಿಯಾಗಿ ಹಿಡಿಯಿರಿ.

ಮನೆಗೆ ಬಂದ ಮೇಲೆ ಇ-ಬರ್ಡ್‌ನಲ್ಲಿ ಪಟ್ಟಿ ಸೇರಿಸಿ. 2002ರಲ್ಲಿ ಶುರುವಾದ ಈ ವೇದಿಕೆಯಲ್ಲಿ ಯಾರು ಬೇಕಾದರೂ ಹಕ್ಕಿ ದಾಖಲಿಸಬಹುದು. ನಟ್‌ಹ್ಯಾಚ್ ಒಂದನ್ನೇ ಹಾಕಬೇಡಿ. ಕಂಡ, ಕೇಳಿದ, ಗುರುತು ಸಿಕ್ಕ ಎಲ್ಲ ಹಕ್ಕಿಗಳನ್ನೂ ಹಾಕಿ 'ಪೂರ್ತಿ ಪಟ್ಟಿ' ಅಂತ ಒಪ್ಪಿಸಿ. ಶುರು ಮಾಡಿದ ಹೊತ್ತು, ಎಷ್ಟು ನಿಮಿಷ, ಎಷ್ಟು ದೂರ ನಡೆದಿರಿ ಅನ್ನುವುದನ್ನೂ ಸೇರಿಸಿ. ಪೂರ್ತಿ ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಮಾಹಿತಿಯೇ. ಅದರಿಂದಲೇ ಒಂದು ಹಕ್ಕಿ ಒಂದು ಪ್ರದೇಶದಲ್ಲಿ ಹೆಚ್ಚಾಗುತ್ತಿದೆಯೋ ಕಡಿಮೆಯಾಗುತ್ತಿದೆಯೋ ಹೇಳಲು ಸಾಧ್ಯ.

ಹಂತ 8: ಗೂಡಿನ ಕಾಲದಲ್ಲಿ

ಜನವರಿ ಕಳೆಯುತ್ತಿದ್ದ ಹಾಗೆ ಹಕ್ಕಿಯ ಕೊಕ್ಕಿನಲ್ಲಿ ಏನಿದೆ ಅಂತ ನೋಡಲು ಶುರು ಮಾಡಿ. ಅದೇ ನಿಮ್ಮ ಕ್ಯಾಲೆಂಡರು. ಪಾಚಿ, ಪ್ರಾಣಿಯ ಕೂದಲು, ಗರಿ, ಹುಲ್ಲು ಇದ್ದರೆ ಗೂಡಿಗೆ ಹಾಸಿಗೆ ಹಾಕುತ್ತಿದೆ. ಮಣ್ಣು ಇದ್ದರೆ ಬಾಗಿಲು ಕಟ್ಟುತ್ತಿದೆ. ಹುಳ ಹಿಡಿದುಕೊಂಡು ನುಂಗದೆ ಒಂದೇ ದಿಕ್ಕಿಗೆ ಹಾರುತ್ತಿದ್ದರೆ ಮರಿ ಇದೆ.

ಗೂಡು ಮರದ ಪೊಟರೆಯಲ್ಲಿ. ದೊಡ್ಡ ಪೊಟರೆ ಕೊರೆಯುವ ಕೆಲಸ ಇದರ ಪುಟ್ಟ ಕೊಕ್ಕಿನದಲ್ಲ. ಮರಕುಟಿಗ, ಕುಟ್ರುಹಕ್ಕಿ ಕೊರೆದು ಬಿಟ್ಟುಹೋದ ತೂತು, ಇಲ್ಲವೇ ಕೊಂಬೆ ಮುರಿದು ಕೊಳೆತು ತಾನಾಗಿ ಆದ ಪೊಟರೆ, ಇವೇ ಆಸರೆ. ಹಳೆಯ ತೂತಿನ ಬಾಯಿ ದೊಡ್ಡದಾಗಿದ್ದರೆ ಅಂಚಿಗೆ ಮಣ್ಣು ಮೆತ್ತಿ, ಅಚ್ಚುಕಟ್ಟಾದ ಗೋಡೆ ಕಟ್ಟಿ, ತನ್ನ ಮೈ ನುಸುಳುವಷ್ಟಕ್ಕೆ ಕಿರಿದು ಮಾಡಿಕೊಳ್ಳುತ್ತದೆ. ಮೈನಾದಂಥ ದೊಡ್ಡ ಹಕ್ಕಿ ಆಮೇಲೆ ಒಳಗೆ ನುಗ್ಗಲಾರದು. ಮರಕುಟಿಗದ ಹಳೇ ತೂತಿನ ಸುತ್ತ ಒಣಗಿದ ಮಣ್ಣಿನ ಅಂಚು ಕಂಡರೆ ಅದರ ಎದುರು ಕಾಯುವುದು ಸಾರ್ಥಕ. ಮೊಟ್ಟೆ ಮೂರರಿಂದ ಆರು. ಬಿಳಿಯ ಮೇಲೆ ಕೆಂಪು ಚುಕ್ಕೆ. ಇದನ್ನು ನೀವು ನೋಡಬೇಕಾಗಿಲ್ಲ, ನೋಡಲೂಬಾರದು.

ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಮೀಟರಿನ ಲೆಕ್ಕ ಬೇಡ, ಹಕ್ಕಿಯೇ ಹೇಳುತ್ತದೆ. ತುತ್ತು ತಂದ ಹಕ್ಕಿ ಸೀದಾ ಒಳಗೆ ಹೋದರೆ ನೀವು ಸರಿಯಾದ ದೂರದಲ್ಲಿದ್ದೀರಿ. ಪಕ್ಕದ ಕೊಂಬೆಯಲ್ಲಿ ಕೂತು, ಕೊಕ್ಕಿನಲ್ಲಿ ಹುಳ ಇಟ್ಟುಕೊಂಡೇ ಮತ್ತೆ ಮತ್ತೆ ಕೂಗುತ್ತಿದ್ದರೆ ಹತ್ತಿರವಾಯಿತು. ಹಿಂದೆ ಸರಿಯಿರಿ. ಆಗಲೂ ಹೋಗದಿದ್ದರೆ ಅವತ್ತಿಗೆ ಸಾಕು ಮಾಡಿ. ನೋಡಬೇಕಾದ್ದು ಬೇಕಾದಷ್ಟಿದೆ: ಗಂಟೆಗೆ ಎಷ್ಟು ಸಲ ತುತ್ತು ಬರುತ್ತದೆ, ಗಂಡು ಜಾಸ್ತಿ ತರುತ್ತದೋ ಹೆಣ್ಣೋ, ಹೊರಗೆ ಬರುವಾಗ ಮರಿಗಳ ಹಿಕ್ಕೆಯ ಬಿಳಿ ಚೀಲ ಎತ್ತಿಕೊಂಡು ಬರುತ್ತದೋ, ಯಾವ ಮರಗಳಿಗೆ ಹೋಗಿ ಹುಳ ತರುತ್ತದೆ. ಗಂಡಿನ ಹುಬ್ಬಿನ ಗೆರೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಎಷ್ಟೋ ಹಕ್ಕಿಗಳಲ್ಲಿ ಗಂಡು ಹೆಣ್ಣು ಬೇರೆ ಮಾಡಲು ಆಗುವುದೇ ಇಲ್ಲ.

ಪೊಟರೆಯೊಳಗೆ ಟಾರ್ಚ್ ಬಿಡುವುದು, ಕಡ್ಡಿ ಹಾಕುವುದು, ಫೋಟೊಗಾಗಿ ಎದುರಿನ ಕೊಂಬೆ ಕಡಿಯುವುದು, ಯಾವುದೂ ಬೇಡ. ಗೂಡು ತೆರೆದುಕೊಂಡರೆ ನಿಮಗೆ ಕಾಣುವ ಹಾಗೆ ಹಾವಿಗೂ ಕಾಣುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಅನ್ನುವುದರ ಅರ್ಥದೊಳಗೇ ಕಾಡುಹಕ್ಕಿಯ ಮೊಟ್ಟೆ ಹಾಳುಮಾಡುವುದು, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಸೇರಿದೆ. ಬಂದೂಕು ಹಿಡಿದರೆ ಮಾತ್ರ ಬೇಟೆ ಅಲ್ಲ. ಗೂಡಿನ ಜಾಗದ ಫೋಟೊ, ಲೊಕೇಶನ್ ಗ್ರೂಪಿಗೆ ಹಾಕುವುದನ್ನೂ ಮರಿ ಹಾರುವವರೆಗೆ ತಡೆದುಕೊಳ್ಳಿ.

ಹಂತ 9: ತೋಟದವರ ಜೊತೆ ಒಂದು ಮಾತು

ನೋಡುವ ಜಾಗ ಕಾಫಿ ತೋಟವಾಗಿದ್ದರೆ ಈ ಹಂತ ಬಿಡಬೇಡಿ. ನಿಮ್ಮದೇ ತೋಟವಾದರೆ ಇನ್ನೂ ಒಳ್ಳೆಯದು.

ಹಳೆಯ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕುವುದಕ್ಕೆ ತೋಟದವರಿಗೆ ಕಾರಣಗಳಿವೆ. ಬೇಗ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿಗೆ ನೆಟ್ಟಗಿನ ಆಸರೆ, ಮಾರಿದರೆ ದುಡ್ಡು. ಅದರ ಮೇಲೆ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಆದರೆ ಒಣಮರದ ವಿಷಯ ಬೇರೆ. ಸತ್ತ ಮರ ಬರೀ ಸೌದೆ ಅಂತ ಕಡಿದುಹಾಕುವುದು ರೂಢಿ. ಕೂಲಿಲೈನಿನ (ಕೆಲಸದವರ ಮನೆಸಾಲಿನ) ಮೇಲೆ, ದಾರಿಯ ಮೇಲೆ ಬೀಳುವ ಹಾಗಿದ್ದರೆ ಕಡಿಯಲೇಬೇಕು. ತೋಟದ ಮೂಲೆಯಲ್ಲಿ, ಹಳ್ಳದ ಬದಿಯಲ್ಲಿ ನಿಂತಿರುವುದನ್ನು ಬಿಡಬಹುದಲ್ಲ? ಕುಟ್ರುಹಕ್ಕಿ ಕೊರೆಯುವುದು ಮೆತ್ತಗಾದ ಒಣಮರವನ್ನೇ. ಈ ವರ್ಷ ಅದು ಕೊರೆದರೆ ಮುಂದಿನ ವರ್ಷ ನಟ್‌ಹ್ಯಾಚಿಗೆ ಮನೆ. ಇಡೀ ಮರ ಬಿಡಲಾಗದಿದ್ದರೆ ಮೇಲಿನ ಕೊಂಬೆಗಳನ್ನು ತೆಗೆದು ಕಾಂಡ ಮಾತ್ರ ನಿಲ್ಲಿಸಿದರೂ ಆಯಿತು.

ಮರಗಸಿಯ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸದ ಸಮಯವೂ ಮುಖ್ಯ. ಮಳೆ ಹಿಡಿಯುವ ಮುಂಚೆ ನೆರಳು ತೆಗೆಯುವಾಗ ಗೂಡಿನ ಕಾಲ ಇನ್ನೂ ಪೂರ್ತಿ ಮುಗಿದಿರುವುದಿಲ್ಲ. ಮರ ಹತ್ತುವವರು ಬರುವ ಹಿಂದಿನ ದಿನ ತೋಟದಲ್ಲಿ ಒಂದು ಸುತ್ತು ಹಾಕಿ, ಪೊಟರೆ ಇರುವ ಕೊಂಬೆಗಳಿಗೆ ಸುಣ್ಣದ ಗುರುತು ಹಾಕಿ, ಅವನ್ನು ಕಡೆಯಲ್ಲಿ ಕಡಿಯಲು ಹೇಳಿ. ಮರ ಹತ್ತುವವರನ್ನು ಹಾಗೇ ಮಾತಾಡಿಸಿ. ಯಾವ ಮರದಲ್ಲಿ ಯಾವ ಪೊಟರೆ, ಅದರಲ್ಲಿ ಯಾವ ಹಕ್ಕಿ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅವರು ಹೇಳಿದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬರೆಯುವಾಗ 'ಕೇಳಿದ್ದು' ಅಂತ ಪಕ್ಕದಲ್ಲಿ ಗುರುತು ಇರಲಿ, 'ನೋಡಿದ್ದು' ಬೇರೆ ಇರಲಿ.